ಕೈರೋಪ್ರಾಕ್ಟಿಕ್ ಚಿಕಿತ್ಸೆ ಮತ್ತು ಬೆನ್ನು, ಕತ್ತು, ಕೀಲುಗಳ ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಖ ತೊಳೆಯಲೆಂದು ಸ್ವಲ್ಪ ಬಾಗಿದ್ದೇ ನೆಪವಾಗಿ ಸೊಂಟ ಹಿಡಿದುಕೊಂಡು, ಬೇಸಿನ್‌ನ ಅಂಚನ್ನು ಎರಡೂ ಕೈಗಳಿಂದ ಹಿಡಿದು ನಿಂತಲ್ಲೇ ಉಸಿರು ಬಿಗಿಹಿಡಿದವರಿಗೆ ಬೆನ್ನುನೋವು ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ನೀಡುವ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು; 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿಗೆ ಏರುವ ಸಾಧ್ಯತೆಯಿದೆ. ಮನುಷ್ಯರನ್ನು ಕೆಲಸದಿಂದ, ಓಡಾಟದಿಂದ ದೂರ ಇಡುವ ತೊಂದರೆಗಳಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನ ಇದರದು. ಇಂಥ ನೋವಿಗೆ ಪರಿಹಾರ ಹುಡುಕುವವರು ಒಂದಲ್ಲ ಒಂದು ದಿನ ಕೈರೋಪ್ರಾಕ್ಟಿಕ್ ಎಂಬ ಹೆಸರನ್ನು ಕೇಳಿಯೇ ಕೇಳುತ್ತಾರೆ. ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳಿಗೆ ಅತಿಯಾದ ಭರವಸೆಯನ್ನೂ ಅನಗತ್ಯ ಭಯವನ್ನೂ ಹುಟ್ಟಿಸದೆ ಉತ್ತರ ಕೊಡುವುದು ಈ ಪುಟದ ಉದ್ದೇಶ.

ಕೈರೋಪ್ರಾಕ್ಟಿಕ್ ಎಂದರೇನು? ಇದು ಎಲ್ಲಿಂದ ಬಂತು?

ಔಷಧ ಅಥವಾ ಶಸ್ತ್ರಚಿಕಿತ್ಸೆಯನ್ನು ಬಳಸದೆ, ಮುಖ್ಯವಾಗಿ ಕೈಗಳಿಂದಲೇ ಬೆನ್ನುಮೂಳೆಯ ಮತ್ತು ಇತರ ಕೀಲುಗಳ ಚಲನೆಯನ್ನು ಸುಧಾರಿಸಿ ನೋವು ತಗ್ಗಿಸಲು ಯತ್ನಿಸುವ ಪದ್ಧತಿ ಇದು. ಹೆಸರಿನ ಮೂಲ ಗ್ರೀಕ್ ಭಾಷೆಯಲ್ಲಿದೆ. ‘ಕೈಯಿಂದ ಮಾಡಿದ್ದು’ ಎಂಬುದು ಅದರ ಅರ್ಥ. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಪಟ್ಟಣದಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಇದನ್ನು ಆರಂಭಿಸಿದ. ತನ್ನದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ, ಕಿವಿ ಸರಿಯಾಗಿ ಕೇಳಿಸದ ಹಾರ್ವಿ ಲಿಲ್ಲಾರ್ಡ್ ಎಂಬವನ ಬೆನ್ನಿನ ಒಂದು ಕಶೇರುವನ್ನು (ಬೆನ್ನುಮೂಳೆಯಲ್ಲಿ ಒಂದರ ಮೇಲೊಂದು ಜೋಡಿಸಿರುವ ಮೂಳೆಗಳಲ್ಲಿ ಒಂದನ್ನು) ಒತ್ತಿ ಸರಿಪಡಿಸಿದಾಗ ಆತನಿಗೆ ಮತ್ತೆ ಕಿವಿ ಕೇಳಿಸಿತೆಂದು ಪಾಮರ್ ಹೇಳಿಕೊಂಡಿದ್ದ. ಕಶೇರುಗಳು ಅಲ್ಪಸ್ವಲ್ಪ ಜಾಗ ತಪ್ಪುವುದೇ ಬಹುಪಾಲು ರೋಗಗಳಿಗೆ ಕಾರಣ ಎಂಬುದು ಅವನ ಸಿದ್ಧಾಂತ. ಹಾಗೆ ಜಾಗ ತಪ್ಪುವುದಕ್ಕೆ ‘ಸಬ್‌ಲಕ್ಸೇಶನ್’ ಎಂಬ ಹೆಸರು ಬಂತು.

ಆ ಸಿದ್ಧಾಂತವನ್ನು ಇಂದಿನ ಅಂಗರಚನಾಶಾಸ್ತ್ರ ಒಪ್ಪುವುದಿಲ್ಲ. ಕಿವಿಯಿಂದ ಮಿದುಳಿಗೆ ಹೋಗುವ ಶ್ರವಣ ನರ ಬೆನ್ನುಮೂಳೆಯ ಮೂಲಕ ಹಾದುಹೋಗುವುದೇ ಇಲ್ಲ. ಹೀಗಾಗಿ ಈ ವೃತ್ತಿಯಲ್ಲಿ ಈಗ ಎರಡು ಧಾರೆಗಳನ್ನು ಕಾಣಬಹುದು. ಒಂದು ಧಾರೆಯವರು ಸೊಂಟ, ಕತ್ತು, ಭುಜಗಳ ನೋವಿಗೆ ತಮ್ಮ ಕೆಲಸವನ್ನು ಸೀಮಿತಗೊಳಿಸಿ, ಪರೀಕ್ಷಿತ ಪುರಾವೆಗಳನ್ನು ಆಧರಿಸಿ, ವ್ಯಾಯಾಮವನ್ನೂ ಕಲಿಸುತ್ತಾರೆ. ಇನ್ನೊಂದು ಧಾರೆಯವರು ಇಂದಿಗೂ ಪಾಮರನ ಮಾತನ್ನೇ ಹಿಡಿದು, ಬೆನ್ನು ನೆಟ್ಟಗಾದರೆ ದೇಹದ ಸಕಲವೂ ನೆಟ್ಟಗಾಗುತ್ತದೆ ಎನ್ನುತ್ತಾರೆ. ನೋವಿರುವವರು ಹುಡುಕಬೇಕಾದದ್ದು ಮೊದಲನೆಯವರನ್ನು.

ನನ್ನ ಮೂಳೆ ಜಾಗ ಬಿಟ್ಟು ಸರಿದಿದೆ ಎಂದು ಹೇಳಿದ್ದಾರೆ. ಅದನ್ನು ವಾಪಸ್ ಕೂರಿಸುತ್ತಾರೆಯೇ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕಾಗಿದೆ, ಏಕೆಂದರೆ ಎಷ್ಟೋ ಜನರನ್ನು ಹಾಸಿಗೆಗೆ ಅಂಟಿಸಿರುವುದು ಈ ಒಂದು ಮಾತು.

ನಮ್ಮ ಬೆನ್ನುಮೂಳೆಯಲ್ಲಿ ಚಲಿಸಬಲ್ಲ ಕಶೇರುಗಳು 24 ಇವೆ: ಕತ್ತಿನಲ್ಲಿ 7, ಎದೆಗೂಡಿನ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಒಂದೊಂದರ ನಡುವೆಯೂ ಗಟ್ಟಿಯಾದ ನಾರಿನ ಉಂಗುರದೊಳಗೆ ಮೆತ್ತನೆಯ ತಿರುಳಿರುವ ಡಿಸ್ಕ್ ಇದೆ (ಕತ್ತಿನ ಮೊದಲ ಎರಡು ಕಶೇರುಗಳ ನಡುವೆ ಮಾತ್ರ ಇಲ್ಲ). ಹಿಂಬದಿಯಲ್ಲಿ ಜೋಡಿ ಜೋಡಿಯಾಗಿ ಸಣ್ಣ ಕೀಲುಗಳಿವೆ. ಇವೆಲ್ಲವನ್ನೂ ಉದ್ದುದ್ದಕ್ಕೆ ಬಿಗಿದು ಕಟ್ಟಿರುವ ಅಸ್ಥಿರಜ್ಜುಗಳಿವೆ. ಅವುಗಳ ಮೇಲೆ ಪದರ ಪದರವಾಗಿ ಸ್ನಾಯುಗಳಿವೆ. ಇಷ್ಟು ಭದ್ರವಾದ ರಚನೆಯಲ್ಲಿ ಒಂದು ಕಶೇರು ನಿಜಕ್ಕೂ ಕೀಲು ತಪ್ಪಬೇಕಾದರೆ ವಾಹನ ಅಪಘಾತದಂಥ ಅಥವಾ ಎತ್ತರದಿಂದ ಬಿದ್ದಂಥ ದೊಡ್ಡ ಪೆಟ್ಟು ಬೇಕು. ಹಾಗಾದವರು ತುರ್ತು ಚಿಕಿತ್ಸಾ ವಿಭಾಗದಲ್ಲಿರುತ್ತಾರೆಯೇ ಹೊರತು ಕೈರೋಪ್ರಾಕ್ಟರ್‌ನ ಮೇಜಿನ ಮೇಲಲ್ಲ. ಒಂದು ಕಶೇರು ಇನ್ನೊಂದರ ಮೇಲೆ ಸ್ವಲ್ಪ ಮುಂದಕ್ಕೆ ಸರಿಯುವ ಸ್ಥಿತಿಯೂ ಇದೆ, ಆದರೆ ಅದು ಬೇರೆಯೇ ಆದ ಸಮಸ್ಯೆ. ಅದನ್ನು ಯಾರೂ ಕೈಯಿಂದ ಒತ್ತಿ ಹಿಂದಕ್ಕೆ ತರುವುದಿಲ್ಲ.

ಹಾಗಾದರೆ ಸೊಂಟ ಹಿಡಿದುಕೊಂಡಾಗ ಆಗುವುದೇನು? ಬಹುಪಾಲು ಸಂದರ್ಭಗಳಲ್ಲಿ ಯಾವುದೋ ಕೀಲು, ಡಿಸ್ಕ್ ಅಥವಾ ಸ್ನಾಯು ಕೆರಳಿರುತ್ತದೆ. ಅದರಿಂದ ಎಚ್ಚೆತ್ತ ನರಮಂಡಲ ಆ ಭಾಗವನ್ನು ಕಾಪಾಡಲೆಂದು ಸುತ್ತಲಿನ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಆ ಬಿಗಿತ ಒಂದೇ ಬದಿಗೆ ಹೆಚ್ಚಾದಾಗ ಮೈ ಒಂದು ಕಡೆಗೆ ವಾಲುತ್ತದೆ. ಕನ್ನಡಿಯಲ್ಲಿ ನೋಡಿಕೊಂಡವರಿಗೆ ಮೂಳೆಯೇ ಸರಿದಂತೆ ಕಾಣುತ್ತದೆ. ಕೈಚಿಕಿತ್ಸೆಯ ನಂತರ ಮೈ ನೆಟ್ಟಗಾಗುವುದಕ್ಕೆ ಕಾರಣ ಮೂಳೆ ಕೂತದ್ದಲ್ಲ, ಬಿಗಿತ ಸಡಿಲವಾದದ್ದು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತ್ರಿಕಾಸ್ಥಿ (ಬೆನ್ನುಮೂಳೆಯ ಬುಡದ ತ್ರಿಕೋನಾಕಾರದ ಮೂಳೆ) ಮತ್ತು ಸೊಂಟದ ಮೂಳೆ ಕೂಡುವ ಕೀಲಿಗೆ ಚಿಕಿತ್ಸೆ ಕೊಡುವ ಮೊದಲೂ ಅನಂತರವೂ ಅತ್ಯಂತ ಸೂಕ್ಷ್ಮವಾದ ಎಕ್ಸ್‌-ರೇ ವಿಧಾನದಿಂದ ಅಳತೆ ಮಾಡಲಾಯಿತು. ಕೀಲು ಸರಿಹೋಯಿತೆಂದು ಕೈಯಿಂದ ಮುಟ್ಟಿ ನೋಡಿದವರಿಗೆ ಅನ್ನಿಸಿತ್ತು, ಆದರೆ ಮೂಳೆಗಳ ಸ್ಥಾನ ಬದಲಾಗಿರಲಿಲ್ಲ.

ಪದಗಳು ಇಲ್ಲಿ ಬಹಳ ಮುಖ್ಯ. ‘ನಿಮ್ಮ ಬೆನ್ನು ಸರಿದಿದೆ’ ಎಂದು ಕೇಳಿಸಿಕೊಂಡವರು ಬಾಗಲು ಹೆದರುತ್ತಾರೆ, ಮಗುವನ್ನು ಎತ್ತಿಕೊಳ್ಳಲು ಹೆದರುತ್ತಾರೆ, ಮತ್ತೆ ಮತ್ತೆ ಕೂರಿಸಿಕೊಳ್ಳಲು ಓಡುತ್ತಾರೆ. ‘ನಿಮ್ಮ ಬೆನ್ನು ಬಿಗಿದುಕೊಂಡಿದೆ, ಅದು ಬಿಡುತ್ತದೆ’ ಎಂದು ಕೇಳಿಸಿಕೊಂಡವರು ಎದ್ದು ನಡೆಯುತ್ತಾರೆ. ಎರಡನೆಯ ಮಾತೇ ಸತ್ಯಕ್ಕೆ ಹತ್ತಿರ.

ಚಿಕಿತ್ಸೆಯ ವೇಳೆ ‘ಟಕ್’ ಎಂಬ ಶಬ್ದ ಬರುತ್ತದಲ್ಲ, ಅದೇನು?

ಬೆರಳುಗಳ ನೆಟಿಕೆ ಮುರಿದಾಗ ಬರುವ ಶಬ್ದವೇ ಇದು. ಕೀಲಿನೊಳಗೆ ಎಣ್ಣೆಯಂತೆ ಕೆಲಸ ಮಾಡುವ ದ್ರವವಿದೆ ಮತ್ತು ಅದರಲ್ಲಿ ಅನಿಲ ಕರಗಿರುತ್ತದೆ. ಕೀಲಿನ ಎರಡು ಮೇಲ್ಮೈಗಳು ಥಟ್ಟನೆ ದೂರವಾದಾಗ ಒಳಗಿನ ಒತ್ತಡ ಕುಸಿದು ಅಲ್ಲೊಂದು ಅನಿಲದ ಪೊಳ್ಳು ಉಂಟಾಗುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಬೆರಳಿನ ನೆಟಿಕೆಯನ್ನು ಎಂಆರ್‌ಐ ಯಂತ್ರದೊಳಗೇ ಚಿತ್ರೀಕರಿಸಿ ಆ ಪೊಳ್ಳು ಮೂಡುವುದನ್ನು ತೋರಿಸಿದರು. ಅದೇ ಕೀಲು ಮತ್ತೆ ಶಬ್ದ ಮಾಡಬೇಕಾದರೆ ಸುಮಾರು 20 ನಿಮಿಷ ಬೇಕಾಗುತ್ತದೆ. ಶಬ್ದ ಬಂದರೆ ಚಿಕಿತ್ಸೆ ಫಲಿಸಿತು, ಬರದಿದ್ದರೆ ಇಲ್ಲ ಎಂದು ತಿಳಿಯಬಾರದು; ಶಬ್ದಕ್ಕೂ ನೋವು ಇಳಿಯುವುದಕ್ಕೂ ಅಂಥ ನಂಟು ಕಂಡುಬಂದಿಲ್ಲ.

ನಿಜಕ್ಕೂ ಇದರಿಂದ ನೋವು ಕಡಿಮೆಯಾಗುತ್ತದೆಯೇ?

ಸೊಂಟನೋವಿನ ಮಟ್ಟಿಗೆ ಹೌದು, ಸಾಧಾರಣ ಪ್ರಮಾಣದಲ್ಲಿ. ಹೊಸದಾಗಿ ಶುರುವಾದ ಸೊಂಟನೋವಿನ ಕುರಿತು ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಬೆನ್ನುಮೂಳೆಯ ಕೈಚಿಕಿತ್ಸೆ ಪಡೆದವರ ನೋವು 100 ಅಂಕಗಳ ಅಳತೆಯಲ್ಲಿ ಸರಾಸರಿ ಸುಮಾರು 10 ಅಂಕಗಳಷ್ಟು ಹೆಚ್ಚು ಇಳಿದಿತ್ತು. ದೀರ್ಘಕಾಲದ ಸೊಂಟನೋವಿನ ಬಗ್ಗೆ 47 ಪ್ರಯೋಗಗಳನ್ನು ಪರಿಶೀಲಿಸಿದ 2019ರ ಇನ್ನೊಂದು ವಿಶ್ಲೇಷಣೆ, ವ್ಯಾಯಾಮದಂಥ ಶಿಫಾರಸು ಮಾಡಲಾದ ಇತರ ಚಿಕಿತ್ಸೆಗಳಷ್ಟೇ ಫಲ ಇದರಿಂದಲೂ ಸಿಗುತ್ತದೆ ಎಂದು ಹೇಳಿತು. ಅಂದರೆ ಇದು ಪವಾಡವೂ ಅಲ್ಲ, ಮೋಸವೂ ಅಲ್ಲ. ಹಲವು ದಾರಿಗಳಲ್ಲಿ ಒಂದು ದಾರಿ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲಿ ತಿಳಿವಳಿಕೆ, ಕ್ರಮಬದ್ಧ ವ್ಯಾಯಾಮ, ಮಸಾಜ್, ಮಾನಸಿಕ ಚಿಕಿತ್ಸೆ, ಉರಿಯೂತ ತಗ್ಗಿಸುವ ಮಾತ್ರೆಗಳ ಜೊತೆಗೆ ಬೆನ್ನುಮೂಳೆಯ ಕೈಚಿಕಿತ್ಸೆಯನ್ನೂ ಪರಿಗಣಿಸಬಹುದೆಂದು ಸೂಚಿಸಿದೆ. ಸೊಂಟಕ್ಕೆ ಕಟ್ಟುವ ಬೆಲ್ಟು, ಎಳೆತದ ಚಿಕಿತ್ಸೆ ಮತ್ತು ಅಫೀಮು ವರ್ಗದ ನೋವುನಿವಾರಕಗಳನ್ನು ವಾಡಿಕೆಯಾಗಿ ಬಳಸಬಾರದೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಬ್ರಿಟನ್ನಿನ 2016ರ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ಕೊಡಬೇಕು, ಅದೊಂದನ್ನೇ ಅಲ್ಲ ಎಂಬ ಷರತ್ತು ಹಾಕಿತು. ನನ್ನ ದೃಷ್ಟಿಯಲ್ಲಿ ಈ ಷರತ್ತೇ ಎಲ್ಲಕ್ಕಿಂತ ಮುಖ್ಯ. ಕೈಚಿಕಿತ್ಸೆ ಕೊಡುವುದು ಕೆಲವು ಗಂಟೆಗಳ ಅಥವಾ ಕೆಲವು ದಿನಗಳ ಬಿಡುವು. ಆ ಬಿಡುವಿನಲ್ಲಿ ಮೈಯನ್ನು ಮತ್ತೆ ಚಲನೆಗೆ ಒಗ್ಗಿಸಿಕೊಂಡವರಿಗೆ ಅದರ ಪೂರ್ತಿ ಲಾಭ ಸಿಗುತ್ತದೆ. ಮಲಗಿ ಕಳೆದವರು ಮುಂದಿನ ವಾರ ಅದೇ ಮೇಜಿಗೆ ಮರಳುತ್ತಾರೆ.

ಕತ್ತುನೋವಿಗೆ ಮತ್ತು ಕತ್ತಿನಿಂದ ಹುಟ್ಟುವ ತಲೆನೋವಿಗೆ ಸ್ವಲ್ಪ ಮಟ್ಟಿನ ಪುರಾವೆಯಿದೆ. ಮೈಗ್ರೇನ್‌ಗೆ ಇರುವ ಪುರಾವೆ ದುರ್ಬಲ.

ಮೊದಲ ಭೇಟಿಯಲ್ಲಿ ಏನೇನು ನಡೆಯುತ್ತದೆ?

ಒಳ್ಳೆಯ ಕೈರೋಪ್ರಾಕ್ಟರ್ ಮೊದಲು ಮುಟ್ಟುವುದಿಲ್ಲ, ಕೇಳುತ್ತಾರೆ. ನೋವು ಯಾವಾಗ ಶುರುವಾಯಿತು, ರಾತ್ರಿ ಎಚ್ಚರಿಸುತ್ತದೆಯೇ, ಕಾಲಿಗೆ ಇಳಿಯುತ್ತದೆಯೇ, ಹಿಂದೆ ಕ್ಯಾನ್ಸರ್ ಅಥವಾ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಸ್ಥಿತಿ) ಇತ್ತೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನೆಲ್ಲ ತಿಳಿದುಕೊಂಡ ನಂತರ ಬಾಗಿಸಿ, ತಿರುಗಿಸಿ ನೋಡುತ್ತಾರೆ. ಕಾಲಿಗೆ ನೋವು ಇಳಿಯುತ್ತಿದ್ದರೆ ಹಿಮ್ಮಡಿಯ ಮೇಲೆ ಮತ್ತು ತುದಿಗಾಲಿನ ಮೇಲೆ ನಡೆಸುತ್ತಾರೆ, ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿ ಅದರ ಬಲವನ್ನು ಅಳೆಯುತ್ತಾರೆ, ಪುಟ್ಟ ಸುತ್ತಿಗೆಯಿಂದ ಮಂಡಿಯನ್ನೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವನ್ನೂ ತಟ್ಟುತ್ತಾರೆ. ಇವೆಲ್ಲ ಯಾವ ನರಕ್ಕೆ ತೊಂದರೆಯಾಗಿದೆ ಎಂಬುದನ್ನು ಹೇಳುವ ಸರಳ ಪರೀಕ್ಷೆಗಳು.

ಅನಂತರ ಏನು ಮಾಡುತ್ತೇವೆ, ಅದರಿಂದ ಏನಾಗಬಹುದು, ಬೇರೆ ಯಾವ ಆಯ್ಕೆಗಳಿವೆ ಎಂದು ವಿವರಿಸಿ ನಿಮ್ಮ ಒಪ್ಪಿಗೆ ಕೇಳಬೇಕು. ಸೊಂಟಕ್ಕೆ ಸಾಮಾನ್ಯವಾಗಿ ಒಂದು ಮಗ್ಗುಲಿಗೆ ಮಲಗಿಸುತ್ತಾರೆ. ಮೇಲಿನ ಮಂಡಿಯನ್ನು ಮಡಿಸಿ, ಭುಜವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ಕೀಲಿನ ಚಲನೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ತಂದು ನಿಲ್ಲಿಸುತ್ತಾರೆ. ಉಸಿರು ಒಳಗೆ ಎಳೆದುಕೊಳ್ಳಿ, ನಿಧಾನವಾಗಿ ಬಿಡಿ ಎನ್ನುತ್ತಾರೆ. ಉಸಿರು ಪೂರ್ತಿ ಹೊರಬಂದು ಸ್ನಾಯು ಸಡಿಲಾದ ಆ ಕ್ಷಣದಲ್ಲಿ ಮುಂಗೈಯಿಂದ ಅತ್ಯಂತ ವೇಗದ, ಆದರೆ ಬಹಳ ಕಡಿಮೆ ದೂರ ಸಾಗುವ ಒಂದು ತಳ್ಳು ಬರುತ್ತದೆ. ನೋಡುವವರ ಕಣ್ಣಿಗೆ ಕಾಣುವುದರೊಳಗೆ ಅದು ಮುಗಿದಿರುತ್ತದೆ. ಈ ತಳ್ಳು ಬೇಡವೆನಿಸಿದರೆ ಹೇಳುವ ಹಕ್ಕು ನಿಮಗಿದೆ. ಕೀಲನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸುವ ಮೃದು ವಿಧಾನವೂ ಇದೆ.

ಚಿಕಿತ್ಸೆಯ ಮರುದಿನ ಆ ಜಾಗದಲ್ಲಿ ನೋವು, ಬಿಗಿತ ಅಥವಾ ಆಯಾಸ ಕಾಣಿಸಿಕೊಳ್ಳುವುದು ಸಾಮಾನ್ಯ. ಒಂದೆರಡು ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ.

ಎಕ್ಸ್‌-ರೇ ಅಥವಾ ಎಂಆರ್‌ಐ ಮಾಡಿಸಲೇಬೇಕೇ?

ಬಹುಪಾಲು ಜನರಿಗೆ ಬೇಡ. ಗಂಭೀರ ಕಾಯಿಲೆಯ ಸುಳಿವಿದ್ದಾಗ, ನರದ ಬಲ ಕುಂದುತ್ತಿದ್ದಾಗ ಅಥವಾ ಶಸ್ತ್ರಚಿಕಿತ್ಸೆಯ ಆಲೋಚನೆ ಇದ್ದಾಗ ಮಾತ್ರ ಚಿತ್ರಗಳಿಂದ ಪ್ರಯೋಜನವಾಗುತ್ತದೆ. ಯಾವ ನೋವೂ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯೊಂದರಲ್ಲಿ, 20ರ ವಯಸ್ಸಿನವರಲ್ಲಿ ಶೇ 37ರಷ್ಟು ಮಂದಿಗೆ, 80ರ ವಯಸ್ಸಿನವರಲ್ಲಿ ಶೇ 96ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡುಬಂತು. ತಲೆಗೂದಲು ನರೆತಂತೆ ಡಿಸ್ಕ್ ಕೂಡ ವಯಸ್ಸಿನೊಂದಿಗೆ ಬದಲಾಗುತ್ತದೆ. ವರದಿಯಲ್ಲಿ ‘ಸವೆತ’, ‘ಉಬ್ಬು’ ಎಂದು ಬರೆದಿದ್ದನ್ನು ಓದಿ ಎದೆಗುಂದಬೇಕಾಗಿಲ್ಲ. ಎಲ್ಲರಿಗೂ ಮೊದಲ ದಿನವೇ ಇಡೀ ಬೆನ್ನಿನ ಎಕ್ಸ್‌-ರೇ ತೆಗೆಸಿ, ಗೆರೆ ಎಳೆದು ವಕ್ರತೆ ತೋರಿಸುವ ಕಡೆ ಎಚ್ಚರಿಕೆ ಇರಲಿ.

ನೋವು ಸೊಂಟದಿಂದ ಕಾಲಿಗೆ ಇಳಿಯುತ್ತಿದೆ. ಡಿಸ್ಕ್ ಜಾರಿದ್ದರೆ ಈ ಚಿಕಿತ್ಸೆ ಪಡೆಯಬಹುದೇ?

ಡಿಸ್ಕ್ ಸೋಪಿನಂತೆ ಜಾರುವ ವಸ್ತುವಲ್ಲ. ಮೇಲಿನ ಮತ್ತು ಕೆಳಗಿನ ಕಶೇರುಗಳಿಗೆ ಅದು ಬಿಗಿಯಾಗಿ ಬೆಸೆದಿರುತ್ತದೆ. ಆಗುವುದೇನೆಂದರೆ, ಹೊರಗಿನ ನಾರಿನ ಉಂಗುರದಲ್ಲಿ ಬಿರುಕು ಬಿಟ್ಟು ಒಳಗಿನ ತಿರುಳಿನ ಒಂದಂಶ ಹೊರಕ್ಕೆ ಉಬ್ಬಿ, ಪಕ್ಕದ ನರದ ಬೇರನ್ನು ಒತ್ತುತ್ತದೆ ಅಥವಾ ಕೆರಳಿಸುತ್ತದೆ. ಆಗ ಪೃಷ್ಠದಿಂದ ಪಾದದವರೆಗೆ ಚಳುಕು, ಜೋಮು, ಉರಿ ಇಳಿಯುತ್ತದೆ. ಹೊರಚಾಚಿದ ತಿರುಳನ್ನು ದೇಹವೇ ತಿಂಗಳುಗಳ ಅವಧಿಯಲ್ಲಿ ಕರಗಿಸಿ ಹೀರಿಕೊಳ್ಳುವುದು ಅಪರೂಪವೇನಲ್ಲ, ಮತ್ತು ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಲ್ಲದೆ ಚೇತರಿಸಿಕೊಳ್ಳುತ್ತಾರೆ. ಕಾಲಿನ ಬಲ ಸರಿಯಾಗಿದ್ದರೆ, ಅನುಭವಿಗಳ ಕೈಯಲ್ಲಿ ಮೃದುವಾದ ಕೈಚಿಕಿತ್ಸೆ ಮತ್ತು ವ್ಯಾಯಾಮವನ್ನು ಪ್ರಯತ್ನಿಸಬಹುದು. ಪಾದ ಎತ್ತಲಾಗದೆ ನೆಲಕ್ಕೆ ತಾಗುತ್ತಿದ್ದರೆ, ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಮೊದಲು ವೈದ್ಯರನ್ನು ಕಾಣಬೇಕು.

ಕತ್ತು ತಿರುಗಿಸಿದರೆ ಪಾರ್ಶ್ವವಾಯು ಆಗುತ್ತದೆ ಎಂದು ಕೇಳಿದ್ದೇನೆ. ನಿಜವೇ?

ಕತ್ತಿನ ಕಶೇರುಗಳ ಇಕ್ಕೆಲಗಳಲ್ಲಿರುವ ಸಣ್ಣ ರಂಧ್ರಗಳ ಮೂಲಕ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಅಪಧಮನಿಗಳು ಹಾದುಹೋಗುತ್ತವೆ. ಅವುಗಳ ಒಳಪದರ ಹರಿದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಕತ್ತಿಗೆ ತಳ್ಳು ಕೊಟ್ಟ ನಂತರ ಹೀಗಾದ ಪ್ರಕರಣಗಳು ದಾಖಲಾಗಿವೆ. ಅವು ಬಹಳ ವಿರಳ. ಇದರಲ್ಲಿ ಒಂದು ತೊಡಕಿದೆ: ಅಪಧಮನಿ ಹರಿದದ್ದರ ಮೊದಲ ಲಕ್ಷಣವೇ ಕತ್ತುನೋವು ಮತ್ತು ತಲೆನೋವು. ಹಾಗಾಗಿ ಆಗಲೇ ಹರಿದಿರುವವರು ನೋವಿಗೆಂದು ಚಿಕಿತ್ಸೆಗೆ ಬಂದಿರಲೂಬಹುದು. ಕೆನಡಾದ ಒಂಟಾರಿಯೊದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಥ ಪಾರ್ಶ್ವವಾಯುವಿಗೂ ಕೈರೋಪ್ರಾಕ್ಟರ್ ಭೇಟಿಗೂ ಇರುವಷ್ಟೇ ನಂಟು ಸಾಮಾನ್ಯ ವೈದ್ಯರ ಭೇಟಿಗೂ ಇದೆ ಎಂದು ತೋರಿಸಿ ಇದೇ ವಿವರಣೆಯನ್ನು ಮುಂದಿಟ್ಟಿತು.

ಅಪಾಯ ಎಷ್ಟೇ ಚಿಕ್ಕದಿರಲಿ, ಅದರ ಪರಿಣಾಮ ದೊಡ್ಡದು. ಕತ್ತುನೋವಿಗೆ ನಿಧಾನವಾಗಿ ಆಡಿಸುವ ವಿಧಾನದಿಂದಲೂ ವೇಗದ ತಳ್ಳಿನಷ್ಟೇ ಫಲ ಸಿಗುತ್ತದೆಂದು ಹೋಲಿಕೆಯ ಪ್ರಯೋಗಗಳು ತೋರಿಸಿರುವಾಗ, ಕತ್ತಿಗೆ ಮೃದು ವಿಧಾನವನ್ನೇ ಕೇಳಿ ಪಡೆಯುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಂದೆಂದೂ ಕಾಣದಂಥ ತೀವ್ರ ಕತ್ತುನೋವು ಅಥವಾ ತಲೆನೋವು ಹಠಾತ್ತನೆ ಬಂದಿದ್ದರೆ, ಜೊತೆಗೆ ತಲೆ ತಿರುಗುವುದು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ನಡೆಯುವಾಗ ತೂರಾಡುವುದು ಇದ್ದರೆ, ಯಾರಿಂದಲೂ ಕತ್ತು ಮುಟ್ಟಿಸಿಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಯಾರು ಈ ಚಿಕಿತ್ಸೆಯಿಂದ ದೂರವಿರಬೇಕು?

ತೀವ್ರವಾದ ಆಸ್ಟಿಯೊಪೊರೋಸಿಸ್, ಇತ್ತೀಚಿನ ಮುರಿತ, ಬೆನ್ನುಮೂಳೆಯಲ್ಲಿ ಗೆಡ್ಡೆ ಅಥವಾ ಸೋಂಕು, ಕತ್ತಿನ ಕೀಲುಗಳಿಗೆ ಹಬ್ಬಿದ ರುಮಟಾಯ್ಡ್ ಸಂಧಿವಾತ, ಬೆನ್ನುಹುರಿಯ ಮೇಲೆ ಒತ್ತಡ ಇರುವವರಿಗೆ ತಳ್ಳಿನ ಚಿಕಿತ್ಸೆ ಕೂಡದು. ರಕ್ತ ತೆಳುಗೊಳಿಸುವ ಔಷಧಿ ತೆಗೆದುಕೊಳ್ಳುವವರು, ದೀರ್ಘಕಾಲ ಸ್ಟಿರಾಯ್ಡ್ ಸೇವಿಸಿದವರು ಮತ್ತು ಗರ್ಭಿಣಿಯರು ಆ ವಿಷಯವನ್ನು ಮೊದಲೇ ತಿಳಿಸಬೇಕು. ಅವರಿಗೆ ವಿಧಾನ ಬದಲಾಗುತ್ತದೆ ಅಥವಾ ಕೈಬಿಡಬೇಕಾಗುತ್ತದೆ.

ಒಂದು ಸ್ಥಿತಿಯನ್ನು ಮಾತ್ರ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ಸೈಕಲ್ಲಿನ ಸೀಟು ತಾಗುವ ಜಾಗದಲ್ಲಿ ಸ್ಪರ್ಶ ಮರಗಟ್ಟಿದರೆ, ಎರಡೂ ಕಾಲುಗಳು ಸೋತರೆ, ಬೆನ್ನುಹುರಿಯ ಕೆಳಗಿನ ನರಗಳ ಗುಚ್ಛ ಒತ್ತಡಕ್ಕೆ ಸಿಕ್ಕಿದೆ ಎಂದು ಶಂಕಿಸಬೇಕು. ನಾಳೆ ನೋಡೋಣ ಎನ್ನುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆ ತಡವಾದಷ್ಟೂ ನಷ್ಟ ಶಾಶ್ವತವಾಗುವ ಸಂಭವ ಹೆಚ್ಚು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಇಳಿಯದ ರಾತ್ರಿಯ ನೋವು ಇದ್ದರೂ ವೈದ್ಯರೇ ಮೊದಲು ನೋಡಬೇಕು.

ಆಸ್ತಮಾ, ಜೀರ್ಣದ ತೊಂದರೆ, ಮಕ್ಕಳ ಹೊಟ್ಟೆನೋವು ಇವಕ್ಕೂ ಗುಣ ಕೊಡುತ್ತದೆಯೇ?

ಹಾಗೆ ಹೇಳಲು ತಕ್ಕ ಪುರಾವೆ ಇಲ್ಲ. ಹಸುಗೂಸುಗಳ ಬೆನ್ನಿಗೆ ತಳ್ಳು ಕೊಡಿಸುವುದು ಬೇಡವೇ ಬೇಡ.

ಚಿಕಿತ್ಸಕರ ಅರ್ಹತೆಯನ್ನು ತಿಳಿಯುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2005ರ ಮಾರ್ಗಸೂಚಿಯಲ್ಲಿ, ಪೂರ್ಣ ತರಬೇತಿಗೆ ಕನಿಷ್ಠ 4,200 ಗಂಟೆಗಳ ಬೋಧನೆ, ಅದರಲ್ಲಿ ಕನಿಷ್ಠ 1,000 ಗಂಟೆಗಳ ಮೇಲ್ವಿಚಾರಣೆಯ ರೋಗಿ ಚಿಕಿತ್ಸೆ ಇರಬೇಕೆಂದು ಹೇಳಿದೆ. ಕೆಲವು ದೇಶಗಳಲ್ಲಿ ಇದಕ್ಕೆ ಕಾನೂನಿನ ನೋಂದಣಿಯಿದೆ, ಹಲವೆಡೆ ಇಲ್ಲ. ನೋಂದಣಿ ಇಲ್ಲದ ಕಡೆ ವಾರಾಂತ್ಯದ ಶಿಬಿರ ಮುಗಿಸಿದವರೂ ಅದೇ ಹೆಸರಿನ ಫಲಕ ಹಾಕಬಹುದು. ಎಲ್ಲಿ, ಎಷ್ಟು ವರ್ಷ ಓದಿದಿರಿ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ.

ಎಷ್ಟು ಬಾರಿ ಹೋಗಬೇಕು?

ಎರಡರಿಂದ ನಾಲ್ಕು ವಾರಗಳಲ್ಲಿ ಸ್ಪಷ್ಟ ಬದಲಾವಣೆ ಕಾಣದಿದ್ದರೆ ಅದೇ ಚಿಕಿತ್ಸೆಯನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಬದಲಾವಣೆಯನ್ನು ಅಳೆಯಲು ನೋವಿನ ಅಂಕಕ್ಕಿಂತ ದಿನನಿತ್ಯದ ಕೆಲಸವೇ ಒಳ್ಳೆಯ ಅಳತೆಗೋಲು: ಮೊದಲು ಹತ್ತು ನಿಮಿಷ ಕೂರಲಾಗುತ್ತಿರಲಿಲ್ಲ, ಈಗ ಅರ್ಧ ಗಂಟೆ ಕೂರಬಲ್ಲೆ ಎಂಬಂತೆ. ಮೊದಲ ದಿನವೇ ಹತ್ತಾರು ಭೇಟಿಗಳಿಗೆ ಮುಂಗಡ ಹಣ ಕೇಳುವವರಿಂದ ದೂರವಿರಿ. ನೋವು ಮರುಕಳಿಸುತ್ತಲೇ ಇರುವ, ಮೊದಲ ಸುತ್ತಿನ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿದ ಕೆಲವರಿಗೆ ನಿಯಮಿತ ಭೇಟಿಗಳಿಂದ ಸ್ವಲ್ಪ ಲಾಭವಿದೆ: ಸ್ವೀಡನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಂಥವರಿಗೆ ವರ್ಷಕ್ಕೆ ಸುಮಾರು 13 ನೋವಿನ ದಿನಗಳು ಕಡಿಮೆಯಾದವು. ಆದರೆ ಅದು ಎಲ್ಲರಿಗೂ ಅನ್ವಯಿಸುವ ಮಾತಲ್ಲ.

ಚಿಕಿತ್ಸೆ ಪಡೆದ ದಿನ ಮನೆಯಲ್ಲಿ ಏನು ಮಾಡಬೇಕು?

ನಡೆಯಬೇಕು. ಸೊಂಟ ಹಗುರವೆನಿಸಿದ ಆ ಸಂಜೆಯೇ ಹತ್ತು ನಿಮಿಷ ಸಮತಟ್ಟಾದ ನೆಲದಲ್ಲಿ ನಡೆದು, ಮರುದಿನ ಎರಡು ಬಾರಿ, ಆಮೇಲೆ ಇನ್ನಷ್ಟು ಎಂದು ಹೆಚ್ಚಿಸುತ್ತ ಹೋಗಬೇಕು. ಬೆನ್ನ ಮೇಲೆ ಮಲಗಿ, ಮಂಡಿಗಳನ್ನು ಮಡಿಸಿ, ಪಾದಗಳನ್ನು ನೆಲಕ್ಕೂರಿ ಸೊಂಟವನ್ನು ಮೆಲ್ಲಗೆ ಮೇಲೆತ್ತಿ ಇಳಿಸುವುದು ಆರಂಭಕ್ಕೆ ಒಳ್ಳೆಯ ವ್ಯಾಯಾಮ. ಸ್ವಲ್ಪ ನೋವಾದರೆ ಹಾನಿಯಾಯಿತೆಂದು ತಿಳಿಯಬೇಕಾಗಿಲ್ಲ. ಮರುದಿನ ಬೆಳಿಗ್ಗೆಯ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಪ್ರಮಾಣ ಸರಿಯಾಗಿದೆ, ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ ಮುಂದುವರಿಸಿ. ಬಿಸಿನೀರಿನ ಶಾಖ ಕೊಟ್ಟುಕೊಳ್ಳಬಹುದು. ಹಾಸಿಗೆಯಿಂದ ಏಳುವಾಗ ನೇರವಾಗಿ ಎದ್ದು ಕೂರುವ ಬದಲು ಮಗ್ಗುಲಿಗೆ ತಿರುಗಿ, ಕಾಲುಗಳನ್ನು ಕೆಳಗಿಳಿಸುತ್ತ ಕೈಯೂರಿ ಎದ್ದರೆ ಮೊದಲ ಕೆಲವು ದಿನ ಹಿತವಾಗಿರುತ್ತದೆ. ಬೆನ್ನು ಬಿಡಿಸಿಕೊಂಡ ಮೇಲೆ ಹಿಂದಿನಂತೆಯೇ ಬಾಗಿ, ತಿರುಗಿ, ಭಾರವನ್ನು ಕ್ರಮೇಣ ಎತ್ತಲು ಶುರುಮಾಡಿ.